ಬೂದೆಮ್ಮನ ಬಾಗಿಲ ಗಂಟೆ

ಗುಂಜಹಳ್ಳಿಯ ಗದ್ದೆಪ್ಪನ ಹಿಂಡಿಗೆ ಗಂಟೆ ಇರಲಿಲ್ಲ. ಕುರಿ ಕಾಯುವವರಲ್ಲಿ ಇದು ಸಣ್ಣ ಮಾತಲ್ಲ. ರಾಯಚೂರು ಸೀಮೆಯ ಎರೆಹೊಲಗಳಲ್ಲಿ ಬೇರೆಯವರ ಕುರಿ ಹಾದುಹೋದರೆ ಒಂದು ಹರದಾರಿ ದೂರದಿಂದಲೇ ಇದು ಇಂಥವರ ಹಿಂಡು ಎಂದು ಜನ ಹೇಳಿಬಿಡುತ್ತಿದ್ದರು. ಗದ್ದೆಪ್ಪನ ಕುರಿ ಬಂದದ್ದು ಮಾತ್ರ ಧೂಳು ಎದ್ದಾಗಲೇ ಗೊತ್ತಾಗುತ್ತಿತ್ತು. ಜಿಪುಣ, ಒಂದು ಗಂಟೆ ಕೊಳ್ಳಲೂ ಕೈ ಬರುವುದಿಲ್ಲ ಎಂದು ಕೆಲವರು ಅಂದುಕೊಂಡರು. ತಲೆ ಕೆಟ್ಟಿದೆ ಎಂದು ಇನ್ನು ಕೆಲವರು. ಜನಕ್ಕೇನು, ಬಾಯಿ ಖಾಲಿ ಇದ್ದರೆ ಏನಾದರೂ ಅಂದೇ ಅನ್ನುತ್ತಾರೆ. ಗದ್ದೆಪ್ಪ ಜಿಪುಣನೂ ಅಲ್ಲ, ತಲೆ ಕೆಟ್ಟವನೂ ಅಲ್ಲ. ಅವನ ಕತೆ ಹೇಳಬೇಕಾದರೆ ಅವನ ಮಗಳಿಂದ ಸುರು ಮಾಡಬೇಕು.

ಒಂದು ಕಾಲಕ್ಕೆ ಆ ಹಿಂಡಿಗೆ ಒಂದಲ್ಲ, ಎರಡು ಗಂಟೆಗಳಿದ್ದವು. ಗದ್ದೆಪ್ಪನ ಅಜ್ಜ ದೇವದುರ್ಗದ ಕಂಚುಗಾರನೊಬ್ಬನ ಕೈಯಲ್ಲಿ ಒಂದೇ ಎರಕದಲ್ಲಿ ಹೊಯ್ಯಿಸಿದ ಜೋಡಿ. ಒಂದು ಮುಂದೆ ನಡೆಯುವ ಟಗರಿನ ಕೊರಳಿಗೆ, ಇನ್ನೊಂದು ಕಟ್ಟಕಡೆಗೆ ಕಾಲೆಳೆಯುವ ಮುದಿ ಕುರಿಯ ಕೊರಳಿಗೆ. ನಡುವೆ ಇಡೀ ಹಿಂಡು. ಆಳೆತ್ತರದ ಜೋಳದ ಮರೆಯಲ್ಲಿ ಹಿಂಡಿನ ತಲೆ ಎಲ್ಲಿದೆ, ಬಾಲ ಎಲ್ಲಿದೆ ಎಂದು ಕಾಯುವವನಿಗೆ ತಿಳಿಯಬೇಕಲ್ಲ, ಅದಕ್ಕೆ. ಎರಡರದೂ ಒಂದೇ ದನಿ. ಕಣ್ಣು ಮುಚ್ಚಿ ಕೇಳಿದರೆ ಮನೆಯವರಿಗೂ ಇದು ಯಾವುದು, ಅದು ಯಾವುದು ಎಂದು ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಕುರಿ ಮಾರಬಹುದು, ಉಣ್ಣೆ ಮಾರಬಹುದು, ಹಿಂಡಿನ ಗಂಟೆ ಮಾತ್ರ ಮನೆ ದಾಟಬಾರದು. ತಂದೆಯಿಂದ ಮಗನಿಗೆ ಹೋಗಬೇಕು. ಅದು ಅವರ ಮನೆತನದ ರಿವಾಜು. ಗದ್ದೆಪ್ಪನಿಗೆ ಗಂಡುಮಕ್ಕಳಾಗಲಿಲ್ಲ. ಇದ್ದವಳು ಒಬ್ಬಳೇ, ಬೂದೆಮ್ಮ. ಹೊಲದ ಬದುವಿನ ಗಿಡಕ್ಕೆ ಕಂಬಳಿಯ ಜೋಳಿಗೆ ಕಟ್ಟಿ ಅವಳನ್ನು ಅದರಲ್ಲಿ ಮಲಗಿಸಿ ಗದ್ದೆಪ್ಪ ಮತ್ತು ಅವನ ಹೆಂಡತಿ ವೆಂಕಮ್ಮ ಕುರಿ ಮೇಯಿಸುತ್ತಿದ್ದರು. ಅವಳಿಗೆ ಯಾರೂ ಜೋಗುಳ ಹಾಡಲಿಲ್ಲ. ಗಂಟೆ ಕೇಳುತ್ತಿದ್ದರೆ ಮಗು ಮಲಗುತ್ತಿತ್ತು, ಹಿಂಡು ದೂರ ಹೋಗಿ ಗಂಟೆ ನಿಂತರೆ ಎದ್ದು ಅಳುತ್ತಿತ್ತು. ನಡೆಯಲು ಕಲಿತ ಮೇಲೆ ಟಗರಿನ ಹಿಂದೆಯೇ ಅವಳ ನಡಿಗೆ. ಆ ದನಿ ಎಲ್ಲಿದೆಯೋ ಅಲ್ಲಿ ಅವಳ ಮನೆ.

ಅವಳನ್ನು ಮಾನ್ವಿ ಕಡೆ ಕೊಟ್ಟರು. ಸಿರವಾರದಿಂದ ಒಂದಿಷ್ಟು ದೂರ ನಡೆದರೆ ಸಿಗುವ ಸಣ್ಣ ಹಳ್ಳಿ. ಅಳಿಯ ಸಾಬಣ್ಣ ಒಳ್ಳೆಯವನೇ, ತಾಯಿಯ ಎದುರು ಬಾಯಿ ಬಿಡುವವನಲ್ಲ ಅಷ್ಟೇ. ಅವನ ತಾಯಿ ಬಂಡೆಮ್ಮ ಮಾತಿನಲ್ಲಿ ಒರಟು, ಕೆಲಸದಲ್ಲಿ ಗಟ್ಟಿ. ಮೊದಲ ವರ್ಷ ಎಲ್ಲ ನೆಟ್ಟಗಿತ್ತು. ಎರಡನೆಯ ವರ್ಷ ಆ ಊರಿಗೆ ಸಿಡುಬು ಬಂತು. ನಿಜಾಮರ ರಾಜ್ಯದ ಕೊನೆಕೊನೆಯ ವರ್ಷಗಳು ಅವು. ಹಳ್ಳಿಗೆ ಸಿಡುಬು ಬಂದರೆ ಬೇವಿನ ಸೊಪ್ಪು ಬಿಟ್ಟರೆ ಬೇರೆ ಮದ್ದಿರಲಿಲ್ಲ. ಬೂದೆಮ್ಮ ಬದುಕಿದಳು. ಮುಖದ ತುಂಬ ಕಲೆ ಬಿತ್ತು, ಎರಡು ಕಣ್ಣೂ ಹೋದವು. ಅವಳಿಗಾಗ ಮೈ ತುಂಬಿದ ಪ್ರಾಯ. ದೇವರಿಗೆ ಕರುಣೆ ಇದೆ ಎಂದು ಹೇಳುವವರು ಆ ದಿನ ಗದ್ದೆಪ್ಪನ ಎದುರಿಗೆ ಬಂದಿದ್ದರೆ ಕೈಯಲ್ಲಿದ್ದ ಕೋಲು ಸುಮ್ಮನಿರುತ್ತಿರಲಿಲ್ಲ.

ದಸರೆಗೆ ಮುಂಚೆ ಬಂಡೆಮ್ಮ ಹೇಳಿಕಳಿಸಿದಳು. ಗದ್ದೆಪ್ಪ ಹೋದ. ಅಂಗಳದ ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, ಸುತ್ತುಬಳಸು ಇಲ್ಲದೆ ಅವಳು ಮಾತು ತೆಗೆದಳು.

"ಬೀಗರ, ನಾ ಮುಚ್ಚಿಟ್ಟು ಮಾತಾಡಾಕಿ ಅಲ್ಲ. ನಿಮ್ಮ ಮಗಳು ಭಾಳ ಚಲೋ ಹುಡುಗಿ ಅದಾಳ. ಕುಂತಲ್ಲೇ ರೊಟ್ಟಿ ಬಡೀತಾಳ, ಜ್ವಾಳ ಬೀಸತಾಳ. ಆದ್ರ ಒಂದು ಕೊಡ ನೀರು ತರಾಕ ಬರಂಗಿಲ್ಲ. ನನ್ನ ಮೊಣಕಾಲು ಹೋಗ್ಯಾವ. ನೀರು ಇಲ್ಲದ ಮನಿ ಮನಿ ಹೆಂಗ ಆಗತದ್ರಿ? ಸಾಬಣ್ಣಗ ಇನ್ನೊಂದು ಹೆಣ್ಣು ನೋಡಬೇಕಂತ ಮಾಡೀವಿ."

"ಬೂದಿ ಏನಂತಾಳ?" ಎಂದ ಗದ್ದೆಪ್ಪ.

ಬೂದೆಮ್ಮ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಲ್ಲಿಂದಲೇ ಹೇಳಿದಳು: "ಯಪ್ಪಾ, ಬಾವಿಗೆ ಹೋಗಾಕ ಬರತದ ನನಗ. ಹೆಣಮಕ್ಕಳ ಮಾತು, ಬಾವಿ ಗಾಲಿ ಸಪ್ಪಳ ಕೇಳತದ, ಹೋಗಿಬಿಡತೀನಿ. ತಿರಗಿ ಬರಾಕ ಬರಂಗಿಲ್ಲ. ಬೇವಿನ ಗಿಡದ ತನಕ ಬರತೀನಿ. ಅಲ್ಲಿಂದ ಮುಂದ ಎಲ್ಲಾ ಒಂದಾ ಆಗತದ. ಮೊನ್ನೆ ಮಂದಿ ಮನಿಯಾಗ ಹೊಕ್ಕು ಕೊಡ ಇಳಿಸೀನಿ. ನಕ್ಕರು."

ಅವಳ ದನಿ ಗಟ್ಟಿಯಾಗಿತ್ತು. ನಕ್ಕರು ಎನ್ನುವಾಗ ಮಾತ್ರ ಒಡೆಯಿತು. ಗದ್ದೆಪ್ಪ ಬಂಡೆಮ್ಮನ ಕಡೆ ತಿರುಗಿ, ಎಳ್ಳಮವಾಸ್ಯೆಯ ತನಕ ತಡಿರಿ ಬೀಗರ, ಅಷ್ಟರೊಳಗೆ ನನ್ನ ಮಗಳು ನಿಮ್ಮ ಹಂಡೆ ತುಂಬಿಸದಿದ್ದರೆ ನಾನೇ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ಕೈ ಮುಗಿದ. ಬಂಡೆಮ್ಮ ಒಪ್ಪಿದಳು. ಹೇಗೆ ತುಂಬಿಸುತ್ತಾಳೆ ಎಂದು ಅವಳೂ ಕೇಳಲಿಲ್ಲ, ಗದ್ದೆಪ್ಪನಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ರಾಯಚೂರಿನಲ್ಲಿ. ಕಂಬಳಿ ಕೊಡಲು ಶಹರಕ್ಕೆ ಹೋಗಿದ್ದ. ತೀನ್ ಕಂದೀಲು ಚೌಕದ ಆಚೆ, ಬಜಾರದ ಓಣಿಗಳಲ್ಲಿ ಅವನಿಗೆ ಯಾವಾಗಲೂ ದಾರಿ ತಪ್ಪುತ್ತಿತ್ತು. ಬಯಲಿನಲ್ಲಿ ಬೆಳೆದವನಿಗೆ ಗೋಡೆಗಳು ಎಂದರೆ ಆಗದು. ಅವನು ಹುಡುಕುತ್ತಿದ್ದದ್ದು ಪಾತ್ರೆಗೆ ಕಲಾಯಿ ಹಾಕುವ ಅಬ್ದುಲ್ ವಹೀದನ ಅಂಗಡಿ. ಅತ್ತ ಹೋಗಿ ಇತ್ತ ಬಂದು ಸಾಕಾಗಿ ನಿಂತಾಗ ಕಿಣಿಕಿಣಿ ಎಂದು ಸದ್ದು ಕೇಳಿತು. ಸದ್ದಿನ ಹಿಂದೆ ಹೋದ. ವಹೀದನ ಅಂಗಡಿಯ ಮುಂದೆಯೇ ಬಂದು ನಿಂತಿದ್ದ! ಒಡೆದ ಗಂಗಾಳದ ಚೂರುಗಳನ್ನು, ತಾಮ್ರದ ಪಟ್ಟಿಗಳನ್ನು ದಾರದಲ್ಲಿ ಕಟ್ಟಿ ಸೂರಿನ ಕೆಳಗೆ ತೂಗುಬಿಟ್ಟಿದ್ದ ವಹೀದ. ಗಾಳಿ ಬಂದಾಗಲೆಲ್ಲ ಅವು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು.

"ಇದೇನೋ ವಹೀದ್ ಭಾಯಿ?"

"ಗಿರಾಕಿ ಕರಿಯಾಕ ಇಟ್ಟೀನಿ. ನಾ ಒದರೂದಕಿಂತ ಇದು ಚಲೋ ಒದರತದ. ಗಾಳಿಗೆ ಪಗಾರ ಕೊಡೂ ಹಂಗಿಲ್ಲ ನೋಡು," ಎಂದು ವಹೀದ ನಕ್ಕ.

ಗದ್ದೆಪ್ಪ ನಗಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಕಣ್ಣು ಮುಚ್ಚಿ ಬಹಳ ಹೊತ್ತು ಆ ಸದ್ದು ಕೇಳಿದ. ಆಮೇಲೆ ಮಗಳ ಕತೆ ಹೇಳಿ, ನನಗೂ ಒಂದು ಮಾಡಿಕೊಡು ಎಂದ. ವಹೀದನಿಗೂ ಹೆಣ್ಣುಮಕ್ಕಳಿದ್ದರು. ಕೈಯಲ್ಲಿದ್ದ ಕೊಳಗವನ್ನು ಬದಿಗಿಟ್ಟು, ಕಂಚಿನ ಗಂಗಾಳವೊಂದನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಅಂಚು ಉಜ್ಜಿ, ತೂತು ಹಾಕಿಕೊಟ್ಟ. ಕೊಡುವಾಗ ಒಂದು ಮಾತು ಹೇಳಿದ.

"ಗದ್ದೆಪ್ಪಾ, ಪಟ್ಟಿ ಸದ್ದು ಸಣ್ಣದು. ಓಣಿ ಆಕಡಿ ಹೋಗೂದ್ರಾಗ ಸಾಯತದ. ಮ್ಯಾಲ ಎಲ್ಲರ ಮನ್ಯಾಗೂ ಪಾತ್ರೆ ಬಡಿಯೂ ಸದ್ದು ಹಿಂಗಾ ಇರತದ. ನಡುವ ಒಂದು ದಪ್ಪಂದು ಕಟ್ಟು. ಆ ಊರಾಗ ಮತ್ತೆಲ್ಲೂ ಇರಬಾರದು ನೋಡು, ಅಂಥಾದ್ದು."

ಊರಿನ ದಾರಿಯುದ್ದಕ್ಕೂ ಗದ್ದೆಪ್ಪ ಆ ಮಾತನ್ನೇ ಮೆಲುಕು ಹಾಕಿದ. ಆ ಊರಲ್ಲಿ ಮತ್ತೆಲ್ಲೂ ಇರಬಾರದು. ಬೂದಿಗೆ ಕೇಳಿದ ಕೂಡಲೇ ಗುರುತು ಹತ್ತಬೇಕು. ಮನೆ ಮುಟ್ಟುವಷ್ಟರಲ್ಲಿ ಅವನ ಮನಸ್ಸು ಗಟ್ಟಿಯಾಗಿತ್ತು. ಹಟ್ಟಿಗೆ ಹೋಗಿ ಮುದಿ ಕುರಿಯ ಕೊರಳಿನಿಂದ ಗಂಟೆ ಬಿಚ್ಚಿದ.

ವೆಂಕಮ್ಮ ಹೌಹಾರಿದಳು. "ಏನು ಮಾಡಾಕತ್ತೀದಿ? ಹಿಂಡಿನ ಗಂಟಿ ಮನಿ ದಾಟಸ್ತಾರೇನು? ನಿಮ್ಮಪ್ಪ ಸಾಯೂಮುಂದ ಏನ್ ಹೇಳ್ಯಾನ ಮರತಿ?"

"ಮಗಗ ಕೊಡು ಅಂದಾನ. ಮಗ ಎಲ್ಲಿದಾನ ಬೇ? ಇರಾಕಿ ಇಕಿ ಒಬ್ಬಾಕಿ. ಇಕಿಗೆ ಬಿಟ್ಟು ಇನ್ಯಾರಿಗೆ ಕೊಡ್ಲಿ? ನಾ ಸತ್ತ ಮ್ಯಾಲ ಯಾವನೋ ದಾಯಾದಿ ಬಂದು ಒಯ್ಯೂಕಿಂತ ನನ್ನ ಮಗಳ ಬಾಗಲಾ ಕಾಯಲಿ."

ವೆಂಕಮ್ಮ ಮೂಗು ಒರೆಸಿಕೊಂಡು ಕದರು ತೆಗೆದುಕೊಂಡಳು. ಕರಿಯ ಉಣ್ಣೆಯ ಹುರಿ ನೂತು, ಮೂರೆಳೆ ಸೇರಿಸಿ ಹೊಸೆದು, ಅದರಲ್ಲಿ ಪಟ್ಟಿಗಳನ್ನು ಪೋಣಿಸಿದಳು. ಬಿದಿರಿನ ಬಳೆಯ ಸುತ್ತ ಪಟ್ಟಿಗಳು, ನಟ್ಟನಡುವೆ ಅಜ್ಜನ ಗಂಟೆ, ಗಂಟೆಯ ನಾಲಗೆಗೆ ಗಾಳಿ ಹಿಡಿಯಲೆಂದು ಒಂದು ತೊಗಲಿನ ತುಂಡು. ಅದನ್ನು ಎತ್ತಿ ಹಿಡಿದಾಗ ಹಟ್ಟಿಯಲ್ಲಿದ್ದ ಕುರಿಗಳೆಲ್ಲ ತಲೆ ಎತ್ತಿ ನೋಡಿದವು. ಇಬ್ಬರೂ ನಕ್ಕರು. ಬಹಳ ದಿನದ ಮೇಲೆ ಆ ಮನೆಯಲ್ಲಿ ಬಂದ ನಗೆ.

ಮಗಳ ಮನೆಯ ಸೂರಿಗೆ ಅದನ್ನು ಕಟ್ಟಿದ ದಿನ ಬೂದೆಮ್ಮ ಒಳಗೆ ಹಿಟ್ಟು ನಾದುತ್ತಿದ್ದಳು. ಗದ್ದೆಪ್ಪ ಬಂದದ್ದು ಅವಳಿಗೆ ಹೇಳಿರಲಿಲ್ಲ. ಗಾಳಿ ಬಂತು, ಗಂಟೆ ಆಡಿತು. ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಹೊಸ್ತಿಲಿಗೆ ಎಡವಲಿಲ್ಲ, ಗೋಡೆ ಹಿಡಿಯಲಿಲ್ಲ. ನೇರ ಗಂಟೆಯ ಕೆಳಗೆ ಬಂದು ನಿಂತು ಕೈ ಎತ್ತಿ ಅದನ್ನು ಮುಟ್ಟಿದಳು.

"ಯಪ್ಪಾ, ಇದು ನಮ್ಮ ಗಂಟಿ," ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯದು. ಗದ್ದೆಪ್ಪ ಮಾತ್ರ ಅತ್ತ. ಅಳಿಯನ ಮುಂದೆ, ಬೀಗಿತಿಯ ಮುಂದೆ, ನಾಚಿಕೆ ಬಿಟ್ಟು ಅತ್ತ.

ನಾಲ್ಕಾರು ದಿನ ಅಲ್ಲೇ ಉಳಿದು ಅವಳಿಗೆ ದಾರಿ ರೂಢಿ ಮಾಡಿಸಿದ. ಬಾವಿಯಿಂದ ಬೇವಿನ ಗಿಡದವರೆಗೆ ನೆಟ್ಟನೆ ದಾರಿ. ಗಿಡದ ಹತ್ತಿರ ನಿಲ್ಲಬೇಕು, ಕಿವಿಗೊಡಬೇಕು, ಗಂಟೆ ಕೇಳಿದ ಕಡೆ ಮುಖ ಮಾಡಿ ನಡೆಯಬೇಕು. ಅಷ್ಟೇ. ಗಿಡದ ಎಡಕ್ಕೆ ಮನೆ. ಬಲಕ್ಕೆ ಊರವರು ಜೋಳ ಒಕ್ಕುವ ಬಯಲು ಕಣ; ಅಲ್ಲಿ ನೆಲದೊಳಗೆ ಒಂದು ಹಗೇವು, ಜೋಳ ತುಂಬಿಡುವ ಆಳದ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಆಗ ಅದರ ಬಾಯಿಗೆ ಬಂಡೆ ಮುಚ್ಚಿ ಮಣ್ಣು ಎಳೆದಿದ್ದರು. ಮಗಳು ಹೋಗುವುದನ್ನೂ ಬರುವುದನ್ನೂ ನೋಡುತ್ತ ಗದ್ದೆಪ್ಪ ಆ ಬಂಡೆಯ ಮೇಲೆಯೇ ಕೂತು ಎಲೆಯಡಿಕೆ ಹಾಕಿದ.

ಗಾಳಿ ಇಲ್ಲದ ಹೊತ್ತಿನ ನೆನಪು ಮಾತ್ರ ಅವನಿಗೆ ಬರಲಿಲ್ಲ. ಜನ್ಮವೆಲ್ಲ ಬಯಲಿನಲ್ಲಿ ಕಳೆದವನು, ಗಾಳಿ ಯಾವಾಗಲೂ ಇರುವ ವಸ್ತು ಎಂದೇ ಅವನ ಲೆಕ್ಕ. ನೆನಪಾದದ್ದು ಬಂಡೆಮ್ಮನಿಗೆ. ಒಂದು ದಿನ ಗಾಳಿ ಬಿದ್ದುಹೋಗಿ, ಸೊಸೆ ತಲೆಯ ಮೇಲೆ ಕೊಡ ಹೊತ್ತು ಬೇವಿನ ಗಿಡದ ಕೆಳಗೆ ನಿಂತೇ ಇದ್ದದ್ದನ್ನು ಅವಳು ಅಂಗಳದಿಂದ ಕಂಡಳು. ಬೈಯಬೇಕೆಂದು ಬಾಯಿ ತೆರೆದಳು, ಏಕೋ ಬೈಗಳು ಬರಲಿಲ್ಲ. ಕುಂಟುತ್ತ ಬಂದು ಸೂರಿನ ಹುರಿ ಹಿಡಿದು ಜಗ್ಗಿದಳು. ಗಂಟೆ ಆಡಿತು, ಸೊಸೆ ಮನೆಗೆ ಬಂದಳು. ಅಂದಿನಿಂದ ಅದೇ ರೂಢಿಯಾಯಿತು. ಗಾಳಿ ಇದ್ದರೆ ಗಾಳಿ, ಇಲ್ಲದಿದ್ದರೆ ಬಂಡೆಮ್ಮ. ದೂರದಿಂದಲೇ ಬೂದೆಮ್ಮ ಕೂಗುತ್ತಿದ್ದಳು, "ಅತ್ತೀ, ಬಂದೆ, ಜಗ್ಗೂದು ಸಾಕ್ರಿ!" ಎಂದು. ಎಳ್ಳಮವಾಸ್ಯೆ ಬರುವ ಹೊತ್ತಿಗೆ ಹಂಡೆ ತುಂಬಿತ್ತು. ಇನ್ನೊಂದು ಹೆಣ್ಣಿನ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ಗಾಳಿಗಂಟಿ ಕಟ್ಟಿದ ಮನೆ ಎಂದು ಊರವರೂ ಆ ಮನೆಗೆ ಗುರುತು ಹೇಳತೊಡಗಿದರು. ಹಬ್ಬಕ್ಕೆ ಬಂದ ಗದ್ದೆಪ್ಪನಿಗೆ ಬಂಡೆಮ್ಮ ಈ ರೂಢಿಯ ಸಂಗತಿ ಹೇಳಿ, "ನಿಮ್ಮ ಮಗಳು ನನ್ನ ಕೈಲೆ ಗುಡಿ ಪೂಜಾರಿ ಕೆಲಸ ಮಾಡಸಾಕತ್ತಾಳ ನೋಡ್ರಿ ಬೀಗರ," ಎಂದು ಚಾಷ್ಟಿ ಮಾಡಿದಳು. ಗದ್ದೆಪ್ಪ ಹೊಟ್ಟೆ ತುಂಬ ಉಂಡು ಬಂದ.

ಇಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಜೋಳದ ಕೊಯಿಲು ಮುಗಿದ ಮೇಲೆ ಬರಿದಾದ ಹೊಲಗಳಲ್ಲಿ ಕುರಿ ನಿಲ್ಲಿಸಲು ರೈತರು ಕರೆಯುತ್ತಾರೆ. ಕುರಿಗೆ ಮೇವು, ಹೊಲಕ್ಕೆ ಗೊಬ್ಬರ. ಬೇರೆ ವರ್ಷ ಗದ್ದೆಪ್ಪ ಮಟಮಾರಿಯ ಕಡೆ ಹೋಗುತ್ತಿದ್ದ. ಆ ವರ್ಷ ಮಗಳ ಊರಿನ ಕಡೆಯೇ ಹೊರಟ. ಅವಳಿಗೆ ಹೇಳಿ ಕಳಿಸಲಿಲ್ಲ. ಸುಮ್ಮನೆ ಹೋಗಿ ಎದುರಿಗೆ ನಿಲ್ಲಬೇಕು, ಅವಳ ಮುಖ ಅರಳುವುದನ್ನು ನೋಡಬೇಕು ಎಂಬ ಆಸೆ. ಮುದುಕನಾಗುತ್ತ ಬಂದರೂ ಮಗಳ ವಿಷಯದಲ್ಲಿ ಅವನದು ಹುಡುಗಾಟಿಕೆಯೇ.

ಊರು ಮುಟ್ಟಿದಾಗ ನಡುಮಧ್ಯಾಹ್ನ. ಒಂದು ಎಲೆ ಅಲ್ಲಾಡದ ಹೊತ್ತು. ಹಿಂಡು ಹೊಲದ ಕಡೆಯಿಂದ ಬಂದು ಕಣದ ಅಂಚಿಗೆ ನಿಂತಿತು. ಕಣದ ಆಚೆ, ಬಣವೆಯ ಮರೆಗೆ, ಹುಣಸೆಯ ನೆರಳಲ್ಲಿ ಜನ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಸಾಬಣ್ಣನೂ ಅಲ್ಲೇ, ಅವನಿಗೆ ರೊಟ್ಟಿ ತಂದ ಬಂಡೆಮ್ಮನೂ ಅಲ್ಲೇ. ಮನೆಯಲ್ಲಿ ಹುರಿ ಜಗ್ಗುವವರು ಯಾರೂ ಇರಲಿಲ್ಲ. ಹೊಸ ಜೋಳ ತುಂಬಲೆಂದು ಅಂದು ಬೆಳಗ್ಗೆ ಹಗೇವಿನ ಬಾಯಿ ತೆರೆದಿದ್ದರು. ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತದೆ. ಒಂದು ದಿನ ಹಾಗೇ ಬಿಡುತ್ತಾರೆ. ಮಕ್ಕಳು ದನ ಬಿದ್ದಾವೆಂದು ಊರಿನ ಕಡೆಗೆ ಜಾಲಿಮುಳ್ಳು ಇಟ್ಟಿದ್ದರು. ಬೇವಿನ ಗಿಡದ ಕಡೆಯಿಂದ ಕಣಕ್ಕೆ ಯಾರೂ ನಡೆದು ಬರುವುದಿಲ್ಲ, ಅಲ್ಲಿ ದಾರಿಯೇ ಇಲ್ಲ. ಆ ಕಡೆ ಮುಳ್ಳಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಸುತ್ತ ಹೊಟ್ಟು ಹರಡಿದ್ದರಿಂದ ಗದ್ದೆಪ್ಪ ನಿಂತಲ್ಲಿಗೆ ಹಗೇವಿನ ಬಾಯಿ ಕಾಣುವಂತಿರಲಿಲ್ಲ. ಅವನ ಮನಸ್ಸಿನಲ್ಲಿ ಅಲ್ಲಿದ್ದದ್ದು ತಾನು ಎಲೆಯಡಿಕೆ ಹಾಕಿದ ಬಂಡೆ.

ಅವನು ನೋಡಿದ್ದು ಮಗಳನ್ನು. ಬೇವಿನ ಗಿಡದ ಕೆಳಗೆ ಕೊಡ ಹೊತ್ತು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಸೆರಗು ಒದ್ದೆಯಾಗಿತ್ತು. ಗದ್ದೆಪ್ಪನಿಗೆ ಎದೆ ತುಂಬಿ ಬಂತು. ಕೂಗಬೇಕೆಂದವನು ಬಾಯಿ ಮುಚ್ಚಿಕೊಂಡ. ಟಗರಿನ ಕೋಡು ಹಿಡಿದು ಅದರ ಕೊರಳನ್ನು ಮೆಲ್ಲಗೆ ಅಲ್ಲಾಡಿಸಿದ. ಗಂಟೆ ಆಡಿತು.

ಬೂದೆಮ್ಮನ ತಲೆ ಈ ಕಡೆ ತಿರುಗಿತು. ಗುರುತು ಹಿಡಿದಳು ಎಂದುಕೊಂಡ ಗದ್ದೆಪ್ಪ. ಇನ್ನೊಮ್ಮೆ ಅಲ್ಲಾಡಿಸಿದ. ಅವಳು ಹೊರಟಳು. ಕೋಲಿಲ್ಲ, ತಡವರಿಕೆ ಇಲ್ಲ, ತಲೆಯ ಮೇಲಿನ ಕೊಡ ತುಳುಕುವುದಿಲ್ಲ. ಕಣ್ಣಿದ್ದವರೂ ಹಾಗೆ ನಡೆಯಲಾರರು. ಕುರಿಗಳ ನಡುವೆ ನಿಂತು ಗದ್ದೆಪ್ಪ ಬಾಯಿಗೆ ಕಂಬಳಿ ಒತ್ತಿ ಹಿಡಿದು ನಗು ತಡೆದುಕೊಂಡ. ನಗು ತಡೆಯುತ್ತಲೇ ಇನ್ನೊಮ್ಮೆ, ಮತ್ತೊಮ್ಮೆ ಅಲ್ಲಾಡಿಸಿದ. ಬಾ ಮಗಳೇ, ಬಾ ನನ್ನವ್ವಾ ಎಂದು ಮನಸ್ಸಿನಲ್ಲೇ ಕರೆದ.

ಕಣದ ನಡುವೆ ಬಂದಾಗ ಅವಳ ಹೆಜ್ಜೆ ಸಣ್ಣದಾಯಿತು. ಗಂಟೆಯ ಸುತ್ತ ಕೇಳಬೇಕಾದ ಪಟ್ಟಿಗಳ ಕಿಣಿಕಿಣಿ ಅವಳ ಕಿವಿಗೆ ಬೀಳಲಿಲ್ಲವೇನೋ. ನಿಂತು, ಕತ್ತು ಓರೆ ಮಾಡಿ, ಕೂಗಿದಳು.

"ಅತ್ತೀ, ಬಂದೆ, ಜಗ್ಗೂದು ಸಾಕ್ರಿ!"

ಗದ್ದೆಪ್ಪನ ನಗು ಅಲ್ಲೇ ಸತ್ತಿತು. ಅವಳು ಬರುತ್ತಿದ್ದದ್ದು ತನ್ನ ಹತ್ತಿರ ಅಲ್ಲ. ಅವಳು ಮನೆಗೆ ಹೊರಟಿದ್ದಳು. ಆಗ ಅವನ ಕಣ್ಣಿಗೆ ಊರ ಕಡೆಯ ಜಾಲಿಮುಳ್ಳು ಬಿತ್ತು. ಮುಳ್ಳಿನ ಹತ್ತಿರ ಎತ್ತಿಟ್ಟ ಬಂಡೆ ಬಿತ್ತು. ಕುರಿಗಾರನ ಗಂಟಲೆಲ್ಲ ಒಂದು ಮಾಡಿ ಒದರಿದ, "ನಿಂದ್ರವ್ವಾ! ಅಲ್ಲೇ ನಿಂದ್ರು!"

ನಿಲ್ಲಬಹುದಿತ್ತು. ಬೇರೆ ಯಾರು ಕೂಗಿದ್ದರೂ ನಿಲ್ಲುತ್ತಿದ್ದಳು. ಆದರೆ ಅದು ಅಪ್ಪನ ದನಿ. ಅವಳ ಮುಖ ಅರಳಿತು. ಯಾವ ಮುಖ ನೋಡಲೆಂದು ಹೇಳದೆ ಕೇಳದೆ ಬಂದಿದ್ದನೋ ಆ ಮುಖವನ್ನು ಗದ್ದೆಪ್ಪ ನೋಡಿದ.

"ಯಪ್ಪಾ?" ಎಂದಳು. ಎಂದು ಬೇಗ ಒಂದು ಹೆಜ್ಜೆ ಮುಂದಿಟ್ಟಳು.

ಕೊಡ ಹಗೇವಿನ ದಂಡೆಗೆ ಬಡಿದು ಒಡೆಯಿತು. ನೀರು ಹೊಟ್ಟಿನಲ್ಲಿ ಹರಿಯಿತು. ಹುಣಸೆಯ ಕೆಳಗಿನ ಜನ ಓಡಿ ಬರುವಷ್ಟರಲ್ಲಿ ಗದ್ದೆಪ್ಪ ಹಗೇವಿಗೆ ಕಾಲು ಇಳಿಬಿಟ್ಟಿದ್ದ. ಸಾಬಣ್ಣ ಅವನ ಸೊಂಟ ಹಿಡಿದು ಹಿಂದಕ್ಕೆ ಎಳೆದ. ಯಾರೋ ದೀಪ ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟರು. ಅದು ಅರ್ಧಕ್ಕೆ ಹೋಗುವ ಮುಂಚೆಯೇ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ದೀಪ ಉರಿಯದ ಕಡೆ ಮನುಷ್ಯ ಇಳಿಯಬಾರದೆಂದು ಎಲ್ಲರಿಗೂ ಗೊತ್ತು, ಗದ್ದೆಪ್ಪನಿಗೂ ಗೊತ್ತು. ಅವನು ಹಿಡಿದವರ ಕೈ ಕಚ್ಚಿದ, ಅಳಿಯನನ್ನು ಬೈದ, ಬಿಡಿರಿ ಎಂದು ಕಾಲಿಗೆ ಬಿದ್ದ. ಬಿಡಲಿಲ್ಲ. ಕಂಬಳಿ ಬೀಸಿ ಬೀಸಿ ಗಾಳಿ ಇಳಿಸಿದರು. ಕಡೆಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸಾಬಣ್ಣ ಇಳಿದು ಅವಳನ್ನು ತಂದ. ಅವಳ ಹಣೆಯ ಕುಂಕುಮವೂ ಕೆಟ್ಟಿರಲಿಲ್ಲ. ಉಸಿರು ಮಾತ್ರ ಇರಲಿಲ್ಲ.

ಬಂದವರೆಲ್ಲ ಹಣೆಬರಹ ಎಂದರು. ಗದ್ದೆಪ್ಪ ಒಬ್ಬೊಬ್ಬರಿಗೂ ಹೇಳಿದ: "ಹಣಿಬರ ಅಲ್ರೋ, ಗಂಟಿ ಆಡಿಸಿದಾವ ನಾನು. ನಾನಾ ಕರದೀನಿ. ನಕ್ಕೋತ ಕರದೀನಿ." ಅವನನ್ನು ಯಾರೂ ದೂರಲಿಲ್ಲ. ಯಾರಾದರೂ ದೂರಿದ್ದರೆ, ಮೈಮೇಲೆ ಬಿದ್ದು ಬಡಿದಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತು. ಗುಂಜಹಳ್ಳಿಯಿಂದ ಬಂದ ವೆಂಕಮ್ಮ ಕೂಡ ಗಂಟೆ ಮನೆ ದಾಟಿಸಿದ ಮಾತು ಎತ್ತಲಿಲ್ಲ. ಮಗಳ ಪಾದ ಹಿಡಿದು ಕೂತವಳು ಮಣ್ಣು ಮಾಡುವವರೆಗೂ ಬಿಡಲಿಲ್ಲ.

ಹೆಣ ಬಿದ್ದ ಹಗೇವಿನಲ್ಲಿ ಜೋಳ ತುಂಬುವಂತಿಲ್ಲ. ಊರವರು ಅದಕ್ಕೆ ಮಣ್ಣು ಹಾಕಿ ಮುಚ್ಚಿದರು. ಮೊದಲ ಬುಟ್ಟಿ ಬೀಳುವ ಮುಂಚೆ ಗದ್ದೆಪ್ಪ ಟಗರಿನ ಕೊರಳ ಗಂಟೆ ಬಿಚ್ಚಿ ಒಳಗೆ ಎಸೆದ. ಕೆಳಗೆ ಹೋಗುವವರೆಗೆ ಅದು ಗೋಡೆಗೆ ಬಡಿಯುತ್ತ ಹೋಯಿತು.

ಆಮೇಲೆ ಮಗಳ ಮನೆಗೆ ಬಂದ. ಸೂರಿನ ಕೆಳಗೆ ಅದು ತೂಗುತ್ತಿತ್ತು. ಅದನ್ನೂ ಕಿತ್ತು ಎಸೆಯಬೇಕು, ಈ ದನಿ ಭೂಮಿಯ ಮೇಲೆ ಇರಕೂಡದು ಎಂದು ನಿರ್ಧರಿಸಿಯೇ ಬಂದಿದ್ದ. ಕೈ ಎತ್ತಿ ವೆಂಕಮ್ಮ ಹೊಸೆದ ಹುರಿ ಹಿಡಿದ. ಹೊಸ್ತಿಲಲ್ಲಿ ಕೂತಿದ್ದ ಬಂಡೆಮ್ಮ ಅವನ ಕೈ ಹಿಡಿದಳು. ಅತ್ತು ಅತ್ತು ಅವಳ ಗಂಟಲು ಬಿದ್ದುಹೋಗಿತ್ತು.

"ಬ್ಯಾಡ್ರಿ ಬೀಗರ. ಕೈ ಮುಗೀತೀನಿ, ಅದನ್ನ ಬಿಚ್ಚಬ್ಯಾಡ್ರಿ. ಹುಡುಗಿ ದಾರಿ ತಪ್ಪ್ಯಾಳ. ನೀರು ತಗೊಂಡು ಮನಿಗೆ ಬರಾಕತ್ತಿದ್ಲು, ಮುಟ್ಟಿಲ್ಲ. ಎಲ್ಲಿ ನಿಂತು ಕಿವಿಗೊಟ್ಟಾಳೋ ಏನೋ. ಅದು ಸಪ್ಪಳ ಮಾಡಲಿಲ್ಲಂದ್ರ ಹೆಂಗ ಬರತಾಳ್ರಿ?"

ಗದ್ದೆಪ್ಪನ ಕೈ ಹಾಗೇ ಕೆಳಗಿಳಿಯಿತು.

ಹಿಂಡು ತೆಗೆದುಕೊಂಡು ಅವನು ಊರಿಗೆ ಬಂದ. ಆಮೇಲೂ ಬಹಳ ವರ್ಷ ಬದುಕಿದ. ಆಳುವವರು ಬದಲಾದರು, ಠಾಣೆಯ ಮೇಲಿನ ಬಾವುಟ ಬದಲಾಯಿತು, ಅವನು ಕುರಿ ಕಾಯುತ್ತಲೇ ಇದ್ದ. ಮಾನ್ವಿಯ ಕಡೆ ಮತ್ತೆ ಕಾಲಿಡಲಿಲ್ಲ. ಸಾಬಣ್ಣ ಇನ್ನೊಂದು ಮದುವೆ ಮಾಡಿಕೊಂಡನೆಂದೂ, ಹೊಸ ಸೊಸೆ ಎಷ್ಟು ಹೇಳಿದರೂ ಬಂಡೆಮ್ಮ ಆ ಗಂಟೆ ಬಿಚ್ಚಲು ಬಿಡಲಿಲ್ಲವೆಂದೂ ಸಂತೆಗೆ ಹೋದವರು ಹೇಳಿದರು. ಕೆಲವು ವರ್ಷಗಳ ಮೇಲೆ ಬಂಡೆಮ್ಮ ಸತ್ತ ಸುದ್ದಿಯೂ ಬಂತು. ಅಂದು ಗದ್ದೆಪ್ಪ ಹೊಲದ ಬದುವಿನ ಮೇಲೆ ಕುಸಿದು ಕೂತವನು ಕತ್ತಲಾಗುವವರೆಗೆ ಏಳಲಿಲ್ಲ.

ಅಲ್ಲಿಂದ ಮುಂದೆ ಗಾಳಿ ಇದ್ದ ದಿನ ಅವನು ಎಲ್ಲರ ಹಾಗೆ ಇರುತ್ತಿದ್ದ. ರೊಟ್ಟಿ ತಿನ್ನುತ್ತಿದ್ದ, ಕುರಿಗಳನ್ನು ಬೈಯುತ್ತಿದ್ದ, ಒಮ್ಮೊಮ್ಮೆ ಎರಡು ಮಾತೂ ಆಡುತ್ತಿದ್ದ. ಬೇಸಿಗೆಯಲ್ಲಿ ಗಾಳಿ ನಿಂತು ಒಂದು ಎಲೆಯೂ ಅಲ್ಲಾಡದ ಮಧ್ಯಾಹ್ನ ಬಂತೆಂದರೆ ವೆಂಕಮ್ಮ ಇಟ್ಟ ಗಂಗಾಳ ಹಾಗೇ ಇರುತ್ತಿತ್ತು. ಅವನ ಪಕ್ಕದಲ್ಲಿ ಅವಳೂ ಕೂರುತ್ತಿದ್ದಳು.

"ಹುರಿ ಜಗ್ಗಾಕ ಯಾರೂ ಇಲ್ಲ ಬೇ," ಎನ್ನುತ್ತಿದ್ದ ಗದ್ದೆಪ್ಪ. "ಕೊಡ ಹೊತಗೊಂಡು ನಿಂತಿರತಾಳ."